ದೂರದ ರೈಲು ರಾತ್ರಿ ಹೊತ್ತು ಮನೆ ಹಿತ್ಲಲ್ಲೇ ಹೋದಂಗೆ ಕೇಳ್ಸತ್ತೆ, ಹಗಲು ಸದ್ದೇ ಇಲ್ಲ. ಯಾಕೆ?

ಬಾಡಿಗೆಮನೆ_ತುಮಕೂರು

ಎಲ್ರಿಗೂ ನಮಸ್ಕಾರ. ತುಂಬಾ ದಿನದಿಂದ ತಲೆ ತಿನ್ತಿರೋ ಪ್ರಶ್ನೆ, ಗೊತ್ತಿರೋರು ಹೇಳಿ. ತುಮಕೂರು ಹೊರಗಡೆ ಒಂದು ಹೊಸ ಲೇಔಟಲ್ಲಿ ಮನೆ ಬಾಡಿಗೆಗೆ ತಗೊಂಡಿದೀವಿ, ದೀಪಾವಳಿ ಆದ್ಮೇಲೆ ಬಂದಿದ್ದು. ಮನೆ ನೋಡಕ್ಕೆ ಬಂದಾಗ ಮಟಮಟ ಮಧ್ಯಾಹ್ನ, ಟೆರೇಸ್ ಮೇಲೆ ನಿಂತ್ರೆ ದೂರದಲ್ಲಿ ರೈಲು ಹೋಗೋದು ಕಣ್ಣಿಗೆ ಕಾಣ್ಸತ್ತೆ, ಮ್ಯಾಪಲ್ಲಿ ನೋಡಿದ್ರೆ ಸುಮಾರು 3 ಕಿಲೋಮೀಟರ್, ಸದ್ದು ಮಾತ್ರ ಒಂಚೂರೂ ಇಲ್ಲ. ಓನರ್ ಕೂಡ ‘ರೈಲ್ವೆ ಲೈನ್ ದೂರ ಇದೆ ಬಿಡಿ, ನಿಮ್ಗೇನೂ ತೊಂದ್ರೆ ಆಗಲ್ಲ’ ಅಂದ್ರು, ಅವ್ರು ಸುಳ್ಳು ಹೇಳಿದ್ರು ಅಂತ ಹೇಳಕ್ಕೂ ಆಗಲ್ಲ, ಹಗಲು ನಿಜವಾಗ್ಲೂ ಏನೂ ಕೇಳ್ಸಲ್ಲ.

ರಾತ್ರಿ ಹತ್ತಾದ್ಮೇಲೆ ಕಥೆನೇ ಬೇರೆ. ಹಾರ್ನ್ ಅಂತೂ ಬಿಡಿ, ಗೂಡ್ಸ್ ಹೋಗುವಾಗ ಆ ಗಡಗಡ, ಡಬ್ಬಿ ಡಬ್ಬಿ ಎಳ್ಕೊಂಡು ಹೊರಡೋವಾಗಿನ ಆ ಟಣ್ ಟಣ್ ಕೂಡ ಕೇಳ್ಸತ್ತೆ, ಕಿಟಕಿ ಹಾಕಿದ್ರೂ. ಅದರಲ್ಲೂ ಈ ಧನುರ್ಮಾಸದ ಚಳಿ ಶುರುವಾದ್ಮೇಲೆ ಜಾಸ್ತಿ. ಮಗು ಬೆಚ್ಚಿ ಎದ್ದು ಕೂತ್ಕೊಳತ್ತೆ. ಆದ್ರೆ ಎಲ್ಲಾ ರಾತ್ರಿನೂ ಹಿಂಗಲ್ಲ, ಕೆಲವು ದಿನ ಪೂರ್ತಿ ಸೈಲೆಂಟು, ಆವತ್ತು ರೈಲೇ ಓಡ್ಲಿಲ್ವೇನೋ ಅನ್ನೋ ಹಂಗೆ. ನನ್ ಹೆಂಡ್ತಿ ಕೇಳಿದ್ರೆ ‘ನಿಮಗೆ ಮಲಗೋವಾಗ ಬೇರೆ ಯೋಚನೆ ಇಲ್ಲ ಅದಕ್ಕೆ ಕೇಳ್ಸತ್ತೆ’ ಅಂತಾಳೆ. ಇದು ಕಿವಿ ಸಮಸ್ಯೆನಾ, ಮನಸಿಂದಾ, ಗಾಳೀದಾ? ಮತ್ತೆ ಬಾಡಿಗೆ ಮನೇಲಿ ಕಮ್ಮಿ ಖರ್ಚಲ್ಲಿ ಏನಾದ್ರೂ ಮಾಡ್ಬೋದಾ?

ನಿದ್ದೆಗೇಡಿ_ಬೆಂಗ್ಳೂರು

ಗುರು ಇದ್ರಲ್ಲಿ ಅಂಥ ರಹಸ್ಯ ಏನಿಲ್ಲ. ಹಗಲು ಬೈಕು, ಬೋರ್‌ವೆಲ್ಲು, ಟಿವಿ, ಮಿಕ್ಸಿ, ತರಕಾರಿ ಗಾಡಿಯವನ ಮೈಕು, ಎಲ್ಲಾ ಸೇರಿ ರೈಲಿನ ಸದ್ದನ್ನ ಮುಚ್ಚಾಕ್ಬಿಡತ್ತೆ, ರಾತ್ರಿ ಅದೆಲ್ಲಾ ನಿಂತ್ಮೇಲೆ ಉಳಿಯೋದು ರೈಲೊಂದೇ. ಫ್ರಿಜ್ ಸದ್ದು ಹಗಲು ಯಾವತ್ತಾದ್ರೂ ಕೇಳಿದೀರಾ? ರಾತ್ರಿ ಎರಡು ಗಂಟೆಗೆ ಎದ್ದು ನೀರು ಕುಡಿಯಕ್ಕೆ ಹೋಗಿ, ಅಡಿಗೆಮನೆಲೇ ಲಾರಿ ನಿಲ್ಸಿರೋ ಹಂಗೆ ಇರತ್ತೆ. ಅಷ್ಟೇ. ಇದಕ್ಕೆ ಫಿಸಿಕ್ಸ್ ಎಲ್ಲ ಬೇಡ.

ಮೇಷ್ಟ್ರು_ರಿಟೈರ್ಡ್

ಫಿಸಿಕ್ಸ್ ಬೇಡ ಅಂದ್ರೆ ನಾನು ಸುಮ್ನಿರೋದು ಹೆಂಗೆ, ಮೂವತ್ತು ವರ್ಷದ ಮೇಲೆ ಹೈಸ್ಕೂಲಲ್ಲಿ ಅದನ್ನೇ ಹೇಳ್ಕೊಟ್ಟಿದೀನಿ.

ಸುತ್ತಮುತ್ತ ಗಲಾಟೆ ಕಮ್ಮಿ ಆಗೋದು ಒಂದು ಕಾರಣ ಹೌದು, ಅದನ್ನ ತಳ್ಳಿ ಹಾಕಲ್ಲ. ಆದ್ರೆ ಪ್ರಶ್ನೆ ಕೇಳಿದವರ ಮಾತಲ್ಲೇ ಅದಕ್ಕೆ ಅಡ್ಡಿ ಇದೆ ನೋಡಿ, ಕೆಲವು ರಾತ್ರಿ ಪೂರ್ತಿ ಸೈಲೆಂಟು ಅಂತಾರೆ. ಬರೀ ನಿಶ್ಶಬ್ದವೇ ಕಾರಣ ಆಗಿದ್ರೆ ಎಲ್ಲಾ ರಾತ್ರಿನೂ ಒಂದೇ ಥರ ಕೇಳ್ಬೇಕಿತ್ತಲ್ವಾ? ಲೇಔಟಲ್ಲಿ ರಾತ್ರಿ ಹನ್ನೆರಡಕ್ಕೆ ಯಾವ ಬೋರ್‌ವೆಲ್ ಕೊರೀತಾರೆ?

ಅಸಲು ವಿಷಯ ಏನಂದ್ರೆ ಶಬ್ದ ನೇರವಾಗಿ ಹೋಗಲ್ಲ, ಬಾಗತ್ತೆ. ಗಾಳೀಲಿ ಶಬ್ದದ ವೇಗ ತಾಪಮಾನದ ಮೇಲೆ ನಿಂತಿದೆ, ಸೊನ್ನೆ ಡಿಗ್ರೀಲಿ ಸೆಕೆಂಡಿಗೆ 331 ಮೀಟರ್, ಅಲ್ಲಿಂದ ಒಂದೊಂದು ಡಿಗ್ರಿ ಏರಿದಂಗೂ ಸುಮಾರು 0.6 ಮೀಟರ್ ಜಾಸ್ತಿ ಆಗ್ತಾ ಹೋಗತ್ತೆ, 20 ಡಿಗ್ರೀಗೆ 343. ಹಗಲು ಬಿಸಿಲಿಗೆ ನೆಲ ಕಾದು ನೆಲದ ಹತ್ರದ ಗಾಳಿ ಬಿಸಿ, ಮೇಲಿನ ಗಾಳಿ ತಂಪು. ಅಂದ್ರೆ ಶಬ್ದದ ಅಲೆಯ ಕೆಳಗಿನ ಭಾಗ ಜೋರಾಗಿ ಓಡತ್ತೆ, ಮೇಲಿನ ಭಾಗ ಹಿಂದೆ ಬೀಳತ್ತೆ. ಪಥಸಂಚಲನದಲ್ಲಿ ಮಕ್ಕಳ ಸಾಲು ತಿರುಗೋದು ನೋಡಿದೀರಲ್ಲ, ಒಂದು ತುದಿಯವರು ಜೋರಾಗಿ ನಡೆದ್ರೆ ಇಡೀ ಸಾಲು ನಿಧಾನ ನಡೆಯೋರ ಕಡೆ ತಿರುಗತ್ತೆ, ಇಲ್ಲೂ ಅದೇ. ಅಲೆ ಮೇಲ್ಮುಖ ಆಗಿ ನಿಮ್ಮ ತಲೆ ಮೇಲಿಂದ ಆಕಾಶಕ್ಕೆ ಹೋಗ್ಬಿಡತ್ತೆ. ನೀವು ನಿಂತಿರೋ ಜಾಗ ಶಬ್ದದ ನೆರಳಲ್ಲಿ ಇರತ್ತೆ. ಅದಕ್ಕೇ ನಿಮ್ಗೆ ರೈಲು ಕಾಣ್ಸತ್ತೆ, ಕೇಳ್ಸಲ್ಲ.

ಸೂರ್ಯ ಮುಳುಗಿದ್ಮೇಲೆ ಉಲ್ಟಾ. ಆಕಾಶ ತಿಳಿಯಾಗಿದ್ದು ಗಾಳಿ ಬೀಸ್ದೇ ಇದ್ರೆ ನೆಲ ತನ್ನ ಬಿಸಿನ ಬೇಗ ಬೇಗ ಬಿಟ್ಕೊಡತ್ತೆ, ನೆಲದ ಹತ್ರದ ಗಾಳಿ ತಣ್ಣಗಾಗತ್ತೆ, ಅದರ ಮೇಲಿನ ಪದರ ಅದಕ್ಕಿಂತ ಬೆಚ್ಚಗೆ ಇರತ್ತೆ. ಇದನ್ನ ತಾಪ ವಿಲೋಮ ಅಂತ ಪಾಠದಲ್ಲಿ ಬರೀತೀವಿ, ಇನ್ವರ್ಷನ್ ಅಂದ್ರೆ ಎಲ್ರಿಗೂ ಗೊತ್ತಾಗತ್ತೆ. ಈಗ ಮೇಲಕ್ಕೆ ಹೊರಟ ಶಬ್ದ ಕೂಡ ಬಾಗಿ ಕೆಳಗೆ ಬರತ್ತೆ, ಮಧ್ಯದಲ್ಲಿರೋ ತೆಂಗಿನ ತೋಟ, ಕಾಂಪೌಂಡು, ಮನೆಗಳು ಎಲ್ಲಾದನ್ನೂ ಹಾರಿ ನಿಮ್ಮ ಕಿಟಕಿಗೆ ಇಳಿಯತ್ತೆ. ಚಳಿಗಾಲದ ರಾತ್ರಿ ಉದ್ದ, ಆಕಾಶ ತಿಳಿ, ಗಾಳಿ ಕಮ್ಮಿ, ಹಂಗಾಗಿ ಧನುರ್ಮಾಸದಲ್ಲಿ ಜಾಸ್ತಿ ಅನ್ನಿಸೋದು ನಿಮ್ಮ ಭ್ರಮೆ ಅಲ್ಲ.

ಒಂದು ಕೆಲಸ ಮಾಡಿ. ರೈಲು ಜೋರಾಗಿ ಕೇಳಿದ ರಾತ್ರಿ ಹೊರಗೆ ಬಂದು ಆಕಾಶ ನೋಡಿ, ನಕ್ಷತ್ರ ಕಾಣ್ತವಾ, ಎಲೆ ಅಲ್ಲಾಡ್ತಿದಾವಾ ಅಂತ. ಕೇಳದೇ ಇದ್ದ ರಾತ್ರೀನೂ ನೋಡಿ. ಮೋಡ ಇದ್ರೆ ನೆಲದ ಬಿಸಿ ಹೊರಗೆ ಹೋಗಲ್ಲ, ಗಾಳಿ ಇದ್ರೆ ಪದರಗಳು ಕಲಸಿಹೋಗ್ತವೆ. ಹಳ್ಳಿ ಹತ್ರ ಇದ್ರೆ ಇನ್ನೂ ಸುಲಭ. ಸಂಜೆ ಬಚ್ಚಲ ಒಲೆ ಹೊಗೆ ಹೆಂಚಿನ ಮಟ್ಟಕ್ಕೆ ಏರಿ ಅಲ್ಲೇ ಹಾಳೆ ಹಾಸಿದಂಗೆ ಅಡ್ಡಕ್ಕೆ ಹರಡ್ಕೊಂಡು ನಿಂತಿದ್ರೆ ಇನ್ವರ್ಷನ್ ಶುರುವಾಗಿದೆ ಅಂತ ಲೆಕ್ಕ. ಆವತ್ತು ರಾತ್ರಿ ರೈಲು ಕೇಳತ್ತೆ.

ಚೆಂಡೆಪೆಟ್ಟು

ಮೇಷ್ಟ್ರು ಹೇಳಿದ್ದು ನೂರಕ್ಕೆ ನೂರು ಹೌದು ಮಾರಾಯ್ರೆ. ನಮ್ಮಲ್ಲಿ ಕುಂದಾಪುರ ಬದಿ ಯಕ್ಷಗಾನ ಆಟ ಆಗುವ ದಿನ ರಾತ್ರಿ ಗದ್ದೆಯಲ್ಲಿ ಚೆಂಡೆಯಲ್ಲಿ ‘ಕೇಳಿ’ ಬಾರಿಸ್ತಾರೆ, ಆಟ ಉಂಟು ಅಂತ ಊರಿಗೆ ಗೊತ್ತಾಗ್ಲಿಕ್ಕೆ. ಈಗ ವಾಟ್ಸಾಪಲ್ಲಿ ಪೋಸ್ಟರ್ ಬರ್ತದೆ ಬಿಡಿ, ಆದ್ರೆ ನಮ್ಮ ಅಜ್ಜಂದಿರ ಕಾಲದಲ್ಲಿ ಅದೇ ನೋಟೀಸು, ಎರಡು ಮೂರು ಊರು ಆಚೆಯವ್ರು ಆ ‘ಕೇಳಿ’ ಕೇಳಿಯೇ ತೆಂಗಿನ ಗರಿಯ ಸೂಡಿ ಹೊತ್ತಿಸಿಕೊಂಡು ಹೊರಡ್ತಿದ್ದದ್ದು. ಹಗಲು ಅದೇ ಚೆಂಡೆ ಬಾರಿಸಿ ನೋಡಿ, ಪಕ್ಕದ ತೋಟ ದಾಟುದಿಲ್ಲ.

ನನಗೊಂದು ಸಂಶಯ ಉಂಟು. ಆಟದ ಗದ್ದೆಯಿಂದ ಪೂರ್ವಕ್ಕೆ ನಮ್ಮ ಮನೆ, ಪಶ್ಚಿಮಕ್ಕೆ ಸಮುದ್ರದ ಕಡೆ ನಮ್ಮ ಅತ್ತೆ ಮನೆ, ದೂರ ಹೆಚ್ಚುಕಮ್ಮಿ ಒಂದೇ. ಆದ್ರೆ ನಡುರಾತ್ರಿ ಮೇಲೆ ಅವರಲ್ಲಿಗೆ ಚೆಂಡೆ ಚಂದ ಕೇಳ್ತದೆ, ನಮ್ಮಲ್ಲಿಗೆ ಅಷ್ಟಿಲ್ಲ. ಗಾಳಿ ಶಬ್ದವನ್ನು ಹೊತ್ತುಕೊಂಡು ಹೋಗ್ತದೆ ಅಂತ ಹಿರಿಯರು ಹೇಳ್ತಾರೆ. ಹೌದಾ? ಮತ್ತೆ ಚೆಂಡೆ ಮಾತ್ರ ಅಷ್ಟು ದೂರ ಬರುದ್ಯಾಕೆ, ಮದ್ದಲೆ ಯಾಕೆ ಬರುದಿಲ್ಲ?

ಮಿಕ್ಸರ್_ಬೋರ್ಡ್

ಲೈವ್ ಸೌಂಡ್ ಕೆಲಸ ಮಾಡ್ತೀನಿ, ಜಾತ್ರೆ ಸ್ಟೇಜಿಂದ ಹಿಡಿದು ಮದುವೆ ಹಾಲ್‌ವರೆಗೆ, ಓಪನ್ ಗ್ರೌಂಡಲ್ಲಿ ಇದನ್ನ ದಿನಾ ನೋಡ್ತೀವಿ. ಸಂಜೆ ನಾಲ್ಕಕ್ಕೆ ಸೌಂಡ್ ಚೆಕ್ ಮಾಡಿ ಲೆವೆಲ್ ಇಟ್ಟಿರ್ತೀವಿ, ಗ್ರೌಂಡ್ ಕೊನೇಲಿ ಸಾಲ್ದು ಅಂತಾರೆ, ರಾತ್ರಿ ಒಂಬತ್ತಕ್ಕೆ ಅದೇ ಲೆವೆಲ್ಲಿಗೆ ಪಕ್ಕದ ಊರಿಂದ ಕಂಪ್ಲೇಂಟ್ ಬರತ್ತೆ.

ಗಾಳಿ ಹೊತ್ಕೊಂಡು ಹೋಗತ್ತೆ ಅನ್ನೋದು ಪೂರ್ತಿ ಸರಿ ಅಲ್ಲ. ಗಾಳಿ ಸೆಕೆಂಡಿಗೆ 5 ಮೀಟರ್ ಬೀಸಿದ್ರೂ ಶಬ್ದದ 343ರ ಮುಂದೆ ಅದೇನು ಲೆಕ್ಕ. ಕೆಲಸ ಮಾಡೋದು ಗಾಳಿಯ ವೇಗ ಎತ್ತರಕ್ಕೆ ಹೋದಂಗೆ ಹೆಚ್ಚಾಗೋದು. ನೆಲದ ಹತ್ರ ಮರ ಮನೆ ತಡೆದು ಗಾಳಿ ನಿಧಾನ, ಮೇಲೆ ಜೋರು. ಗಾಳಿ ಹೋಗೋ ದಿಕ್ಕಲ್ಲಿ ಕೂತವರಿಗೆ ಅಲೆಯ ಮೇಲ್ಭಾಗ ಮುಂದೆ ಓಡಿ ಕೆಳಗೆ ಬಾಗತ್ತೆ, ಎದುರು ದಿಕ್ಕಲ್ಲಿ ಕೂತವರಿಗೆ ಮೇಲಕ್ಕೆ ಎದ್ದು ಹೋಗತ್ತೆ. ಮೇಷ್ಟ್ರು ಹೇಳಿದ ಅದೇ ಬಾಗು, ಕಾರಣ ಬೇರೆ. ನಿಮ್ಮ ಕರಾವಳೀಲಿ ಹಗಲು ಕಡಲಿಂದ ನೆಲಕ್ಕೆ ಗಾಳಿ, ರಾತ್ರಿ ನೆಲದಿಂದ ಕಡಲಿಗೆ. ನಡುರಾತ್ರಿ ಮೇಲೆ ಗಾಳಿ ಪೂರ್ವದಿಂದ ಪಶ್ಚಿಮಕ್ಕೆ ಸಣ್ಣಗೆ ಬೀಸ್ತಿರತ್ತೆ, ಅತ್ತೆ ಮನೆ ಲಾಭದಲ್ಲಿ ಇದೆ, ನೀವು ಎದುರುಗಾಳಿಲಿ ಇದೀರ.

ಚೆಂಡೆ ಕೇಳೋದು ಮೊದಲನೇದಾಗಿ ಅದು ಸಿಕ್ಕಾಪಟ್ಟೆ ಜೋರು, ಬಿಗಿಯಾದ ಚರ್ಮಕ್ಕೆ ಕೋಲಿನ ಪೆಟ್ಟು, ಚಟ್ ಅಂತ ಏರತ್ತೆ, ಕಿವಿಗೆ ಚುರುಕಾಗಿ ಕೇಳೋ ಭಾಗದಲ್ಲೇ ಬೇಕಾದಷ್ಟು ಶಕ್ತಿ ಇರತ್ತೆ. ಮದ್ದಲೆ ಬೆರಳಲ್ಲಿ ನುಡಿಸೋದು, ಹತ್ರ ಕೂತವರಿಗೆ ಮಾಡಿದ ವಾದ್ಯ ಅದು. ಅದರ ಸೊಗಸು ಬೇರೆ ಕಡೆ ಇದೆ. ಮದ್ದಲೆ ಮೃದಂಗ ತಬಲಾಗೆ ಮಧ್ಯ ಕಪ್ಪು ಕರಣೆ ಹಾಕ್ತಾರಲ್ಲ, ಬರೀ ಚರ್ಮ ಬಿಗಿದ ವಾದ್ಯದಲ್ಲಿ ಮೂಲ ಸ್ವರಕ್ಕೂ ಅದರ ಮೇಲಿನ ಸ್ವರಗಳಿಗೂ ಲೆಕ್ಕ ಕೂಡಲ್ಲ, ಕರಣೆ ತೂಕ ಬಿದ್ದಾಗ ಅವು ಎರಡರಷ್ಟು ಮೂರರಷ್ಟು ಅಂತ ತಂತಿ ವಾದ್ಯದ ಥರ ಸಾಲಾಗಿ ಬರ್ತವೆ, ಅದಕ್ಕೇ ಮೃದಂಗಕ್ಕೆ ಶ್ರುತಿ ಕೂಡ್ಸಕ್ಕೆ ಆಗೋದು. ಸಿ.ವಿ. ರಾಮನ್ ಇದನ್ನ 1920ರಲ್ಲೇ ಬರೆದ್ರು, ಆಮೇಲೆ 1934ರಲ್ಲಿ ಬೆಂಗ್ಳೂರಲ್ಲಿದ್ದಾಗ ವಿವರವಾಗಿ ಇನ್ನೊಂದು ಸಲ. ಬೆಳಕಿನ ಕೆಲಸಕ್ಕೆ ನೊಬೆಲ್ ಬಂತು, ಎಲ್ರೂ ಅದನ್ನೇ ಹೇಳ್ತಾರೆ, ನನ್ನಂಥೋರಿಗೆ ಮೃದಂಗದ ರಾಮನ್ನೇ ದೊಡ್ಡೋರು. ದಾರಿ ತಪ್ಪಿದೆ, ಕ್ಷಮಿಸಿ.

ದೂರದ ಲೆಕ್ಕ ಬೇಕಿದ್ರೆ: ಬಯಲಲ್ಲಿ ದೂರ ಎರಡರಷ್ಟಾದಾಗೆಲ್ಲ 6 ಡೆಸಿಬಲ್ ಇಳಿಯತ್ತೆ. 30 ಮೀಟರಿಂದ 3 ಕಿಲೋಮೀಟರಿಗೆ ಅಂದ್ರೆ ನೂರರಷ್ಟು ದೂರ, 40 ಡೆಸಿಬಲ್ ಇಳಿತ. ಹಾರ್ನ್ ಹಳಿ ಪಕ್ಕ 100 ಡೆಸಿಬಲ್ ಅಂತ ಇಟ್ಕೊಂಡ್ರೆ ನಿಮ್ಮ ಮನೆ ಹತ್ರ 60, ಮಧ್ಯದ ಗಾಳಿ ನೆಲ ಒಂದಷ್ಟು ನುಂಗಿದ್ರೂ ರಾತ್ರಿ ಕೇಳಕ್ಕೆ ಧಾರಾಳ ಆಯ್ತು. ಹಗಲು ನೆರಳಿನ ಜಾಗಕ್ಕೆ ಸಿಕ್ಕಾಕೊಂಡ್ರೆ ಇನ್ನೂ 20ರ ಆಸುಪಾಸು ಹೋಗತ್ತೆ, ಅದರ ಮೇಲೆ ನಿದ್ದೆಗೇಡಿ ಹೇಳಿದ ಗಲಾಟೆ. ಎರಡೂ ಸೇರೇ ಹಗಲಿಗೂ ರಾತ್ರಿಗೂ ಅಷ್ಟು ವ್ಯತ್ಯಾಸ.

ನಿದ್ದೆಗೇಡಿ_ಬೆಂಗ್ಳೂರು

ಸರಿ ಒಪ್ದೆ, ಅರ್ಧ. ಆದ್ರೆ ಹಗಲು ಮೇಲಕ್ಕೆ ಹೋಗತ್ತೆ ಅಂತೀರಲ್ಲ, 2020ರ ಮೇ 20ಕ್ಕೆ ಬೆಂಗ್ಳೂರಲ್ಲಿ ಮಟಮಟ ಮಧ್ಯಾಹ್ನ ಢಂ ಅಂತು ನೆನಪಿದೆಯಾ, ಲಾಕ್‌ಡೌನ್ ಟೈಮು, ಭೂಕಂಪ ಅಂತ ನಾವೆಲ್ಲ ಕೆಳಗೆ ಓಡಿ ಬಂದ್ವಿ. ಆಮೇಲೆ ಏರ್‌ಫೋರ್ಸ್ ಟೆಸ್ಟ್ ಫ್ಲೈಟ್ ಅಂದ್ರು, ವಿಮಾನ ಸಿಟಿಯಿಂದ ಎಷ್ಟೋ ಹೊರಗೆ ಇತ್ತಂತೆ. ಅದು ಹೆಂಗೆ ಕೆಳಗೆ ಬಂತು?

ಮಿಕ್ಸರ್_ಬೋರ್ಡ್

ಮೇಲಿಂದ ಹೊರಟಿದ್ದು ಅದು. 36 ಸಾವಿರದಿಂದ 40 ಸಾವಿರ ಅಡಿ ಎತ್ತರದಲ್ಲಿ ಶಬ್ದಕ್ಕೂ ಮೀರಿದ ಸೂಪರ್‌ಸಾನಿಕ್ ವೇಗದಿಂದ ಕೆಳಗಿನ ವೇಗಕ್ಕೆ ಇಳಿಯೋವಾಗ ಆಗಿರ್ಬೋದು, ವಿಮಾನ 65ರಿಂದ 80 ಕಿಲೋಮೀಟರ್ ದೂರ ಇದ್ರೂ ಕೇಳ್ಸತ್ತೆ ಅಂತ ರಕ್ಷಣಾ ಇಲಾಖೆಯವರೇ ಆವತ್ತು ಹೇಳಿದ್ದು. ನೆಲದಲ್ಲಿ ಓಡೋ ರೈಲಿಂದ ಮಲ್ಕೊಂಡಂಗೆ ಅಡ್ಡಕ್ಕೆ ಬರೋ ಶಬ್ದಕ್ಕೆ ಸಣ್ಣ ಬಾಗು ಸಾಕು ತಲೆ ಮೇಲೆ ಹಾರಿಹೋಗಕ್ಕೆ, ಹತ್ತು ಕಿಲೋಮೀಟರ್ ಮೇಲಿಂದ ಕೆಳಗಿಳಿಯೋ ಆಘಾತದ ಅಲೆಗೆ ನೆಲದ ಹತ್ರದ ಆ ಬಿಸಿ ಪದರ ಏನೂ ಮಾಡಲ್ಲ. ಜತೆಗೆ ಲಾಕ್‌ಡೌನ್, ರೋಡಲ್ಲಿ ಗಾಡಿನೇ ಇಲ್ಲ. ಆ ಪಾಯಿಂಟ್ ನಿಮಗೇ.

ಗುಮ್ಮಟದ_ಮಂದಿ

ನಾ ವಿಜಯಪುರದಾವ್ರಿ. ಸಣ್ಣಾಂವಿದ್ದಾಗಿಂದ ಗೋಳಗುಮ್ಮಟಕ್ಕ ಹೋಗಿ ಚೀರಾಡೇವಿ, ಈಗ ಊರಿಗೆ ಬೀಗರು ಬಂದ್ರ ನಾನ ಕರ್ಕೊಂಡ ಹೋಗ್ಬೇಕು. ಮ್ಯಾಲಿನ ಗ್ಯಾಲರಿಯೊಳಗ ಈ ಕಡೆ ಗ್ವಾಡಿಗೆ ಬಾಯಿ ಹಚ್ಚಿ ಪಿಸುಗುಟ್ಟಿದ್ರ ಅತ್ಲಾಗ ಗ್ವಾಡಿಗೆ ಕಿವಿ ಇಟ್ಟ ಕುಂತಾವಗ ಬಗಲಾಗ ಕುಂತ ಮಾತಾಡ್ದಂಗ ಕೇಳಸ್ತದ, ನಡಕ 38 ಮೀಟರ್ ಖಾಲಿ ಅದ. ಮುಂಜಾನೆ ಬಾಗಲಾ ತಗದ ಕೂಡ್ಲೇ ಹೋಗ್ಬೇಕ್ರಿ, ಸಾಲಿ ಹುಡುಗ್ರು ಬಂದ್ರು ಅಂದ್ರ ಮುಗೀತು, ಒಂದು ಚಪ್ಪಾಳಿಗೆ ಏಳೆಂಟು ಸಲ ಮಾರ್ದನಿ ಬರ್ತಾವು, ನೂರು ಮಂದಿ ಚಪ್ಪಾಳಿ ಹೊಡದ್ರ ಏನ್ ಕೇಳಸ್ತದ? ನನ್ ಪ್ರಶ್ನಿ ಏನಂದ್ರ, ರೈಲಿನ ಸಪ್ಪಳ ಬಾಗಿ ಬರೂದು, ನಮ್ಮ ಗುಮ್ಮಟದಾಗ ಪಿಸುಮಾತು ತಿರಗೂದು, ಎರಡೂ ಒಂದs ಏನ್ರಿ?

ಮೇಷ್ಟ್ರು_ರಿಟೈರ್ಡ್

ಒಳ್ಳೆ ಪ್ರಶ್ನೆ ಹಾಕಿದ್ರಿ. ಕಾರಣ ಬೇರೆ, ದಾರಿ ಮಾತ್ರ ತುಂಬಾ ಹತ್ರ. ಗುಮ್ಮಟದಲ್ಲಿ ಗಾಳಿ ಒಂದೇ ಸಮ ಇದೆ, ಬಾಗಿರೋದು ಗೋಡೆ. ಪಿಸುಮಾತು ಗೋಡೆಗೆ ತಾಗಿ ಸಣ್ಣ ಕೋನದಲ್ಲಿ ತಿರುಗಿ, ಮತ್ತೆ ತಾಗಿ ಮತ್ತೆ ತಿರುಗಿ, ಗೋಡೆ ಬಿಡ್ದೇ ಅಂಟ್ಕೊಂಡೇ ಸುತ್ತತ್ತೆ, ಎಲ್ಲಾ ಕಡೆಗೂ ಹರಡಿ ಹೋಗೋದಿಲ್ಲ, ಹಂಗಾಗಿ ಬೇಗ ಸೊರಗಲ್ಲ. ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ಗುಮ್ಮಟಕ್ಕೆ ಇಂಗ್ಲೆಂಡಿನ ವಿಜ್ಞಾನಿ ಲಾರ್ಡ್ ರ‍್ಯಾಲೆ ಈ ವಿವರಣೆ ಕೊಟ್ಟಿದ್ದು. ನಿಮ್ಮದು ಅದಕ್ಕಿಂತ ಹಳೇದು, 1656ರಲ್ಲಿ ಕಟ್ಟಿ ಮುಗಿಸಿದ್ದು.

ರೈಲಿನ ವಿಷಯದಲ್ಲಿ ನೆಲ ಚಪ್ಪಟೆ, ಬಾಗೋದು ಶಬ್ದ. ಕೆಳಗೆ ಬಾಗಿ ನೆಲಕ್ಕೆ ಬಡಿದು ಎದ್ದು, ಮತ್ತೆ ಬಾಗಿ ಮತ್ತೆ ಬಡಿದು, ಹಾರ್ಕೊಂಡು ಹಾರ್ಕೊಂಡು ಬರತ್ತೆ. ಚಪ್ಪಟೆ ನೆಲದ ಮೇಲೆ ಬಾಗಿದ ದಾರಿ ಆದ್ರೇನು, ಬಾಗಿದ ಗೋಡೆ ಮೇಲೆ ನೇರ ದಾರಿ ಆದ್ರೇನು, ಕಾಗದದ ಮೇಲೆ ಬರೆದು ನೋಡಿದ್ರೆ ಎರಡೂ ಚಿತ್ರ ಒಂದೇ ಥರ ಕಾಣತ್ತೆ.

ಕಾಡಂಚು_ಗುಂಡ್ಲುಪೇಟೆ

ನಂದೊಂದು ಸೇರಿಸ್ತೀನಿ. ನಮ್ಮ ಜಮೀನು ಬಂಡೀಪುರದ ಅಂಚಿಗೇ ಬರತ್ತೆ, ಆನೆ ಕಾಯಕ್ಕೆ ರಾತ್ರಿ ಅಟ್ಟಣೆ ಮೇಲೆ ಮಲಗೋರು ನಾವು. ಆನೆಗಳು ನಮ್ಮ ಕಿವಿಗೆ ಕೇಳದಷ್ಟು ತಗ್ಗು ದನೀಲಿ ಒಂದಕ್ಕೊಂದು ಮಾತಾಡ್ತವೆ ಅಂತ 1984ರಲ್ಲಿ ಕೇಟಿ ಪೇನ್ ಅನ್ನೋ ಅಮೆರಿಕದ ಮೇಡಮ್ಮು ಝೂ ಆನೆಗಳ ಹತ್ರ ನಿಂತು ಮೊದ್ಲು ಪತ್ತೆ ಹಚ್ಚಿದ್ದು. ಆಮೇಲೆ ಆಫ್ರಿಕದ ಬಯಲು ಆನೆಗಳ ಲೆಕ್ಕ ಹಾಕಿದೋರು, ಸೂರ್ಯ ಮುಳುಗಿ ಈ ಇನ್ವರ್ಷನ್ ಕೂತ್ಮೇಲೆ ಆ ದನಿ ಹಗಲಿಗಿಂತ ಎಷ್ಟೋ ಪಾಲು ದೂರ ಮುಟ್ಟತ್ತೆ ಅಂದ್ರು. ಮೇಷ್ಟ್ರು ಹೊಗೆ ಅಡ್ಡಕ್ಕೆ ನಿಲ್ಲತ್ತೆ ಅಂದ್ರಲ್ಲ, ನಮ್ಮ ಕಡೆ ಹಂಗೆ ಹೊಗೆ ನಿಂತ ಸಂಜೆ ಪಟಾಕಿ, ಟಾರ್ಚು, ತಮಟೆ ಎಲ್ಲಾ ರೆಡಿ ಮಾಡ್ಕೋತೀವಿ. ಆನೆ ಬರೋದು ಅದಕ್ಕೇ ಅಂತ ನಾನು ಹೇಳ್ತಿಲ್ಲ, ರಾಗಿ ತೆನೆ ಕಟ್ಟಿರತ್ತೆ ಅದಕ್ಕೇ ಬರೋದು. ಆದ್ರೆ ಅಂಥ ರಾತ್ರಿ ಮುಂದಿನೂರಲ್ಲಿ ಹೊಡೆದ ತಮಟೆ ನಮಗೆ ಕೇಳಿ, ನಾವು ಎದ್ದು ಹೊಡೆದು, ಅದು ಆಚೆ ಊರಿಗೆ ಕೇಳಿ, ಹಿಂಗೆ ಸಾಗತ್ತೆ. ಗಾಳಿ ಇರೋ ರಾತ್ರಿ ಫೋನೇ ಗತಿ, ನಮ್ಮಲ್ಲಿ ನೆಟ್‌ವರ್ಕ್ ಗೊತ್ತಲ್ಲ.

ಬಾಡಿಗೆಮನೆ_ತುಮಕೂರು

ಎಲ್ರಿಗೂ ಥ್ಯಾಂಕ್ಸ್, ಇಷ್ಟೆಲ್ಲಾ ಬರತ್ತೆ ಅನ್ಕೊಂಡಿರ್ಲಿಲ್ಲ. ಮೇಷ್ಟ್ರು ಹೇಳಿದಂಗೆ ಆಕಾಶ ನೋಡ್ತಾ ಬಂದೆ. ಮಧ್ಯ ಎಲ್ಲೋ ಸೈಕ್ಲೋನ್ ಅಂತ ಮೋಡ ಮುಚ್ಕೊಂಡು ಗಾಳಿ ಬೀಸ್ತಿತ್ತಲ್ಲ, ಅಷ್ಟೂ ದಿನ ರೈಲಿನ ಸದ್ದಿಲ್ಲ. ಮೋಡ ಹರಿದು ಚಳಿ ಬಿತ್ತು ನೋಡಿ, ಅವತ್ತೇ ರಾತ್ರಿ ಗೂಡ್ಸು ತಲೆದಿಂಬಿನ ಪಕ್ಕ. ಬೆಳಗ್ಗೆ ಎದ್ರೆ ಬೈಕ್ ಸೀಟ್ ಮೇಲೆಲ್ಲಾ ಇಬ್ಬನಿ. ಹೆಂಡ್ತಿಗೆ ತೋರ್ಸಿದೆ, ‘ಸರಿ, ಗೊತ್ತಾಯ್ತಲ್ಲ, ಈಗ ನಿಲ್ಸಿ’ ಅಂದ್ಳು.

ಎರಡು ಅನುಮಾನ. ಒಂದು, ಹಳಿ ಪಕ್ಕ ನಿಂತಾಗ ಹಾರ್ನ್ ದಾಟಿ ಹೋಗೋವಾಗ ಈಂ ಅಂತಿದ್ದು ಊಂ ಅಂತ ಇಳಿಯತ್ತಲ್ಲ, ಮನೇಲಿ ಕೇಳೋವಾಗ ಹಂಗೆ ಇಳಿಯಲ್ಲ, ಒಂದೇ ಸಮ ಇರತ್ತೆ, ಯಾಕೆ? ಎರಡು, ನಾನು ಮೊದ್ಲೇ ಕೇಳಿದ್ದು, ಕಿಟಕಿಗೆ ಏನು ಮಾಡ್ಲಿ. ಮೊಟ್ಟೆ ಟ್ರೇ ಗೋಡೆಗೆ ಅಂಟಿಸು ಅಂತ ಆಫೀಸಲ್ಲಿ ಒಬ್ರು ಹೇಳಿದ್ರು. ರೈಲ್ವೆಗೆ ಕಂಪ್ಲೇಂಟ್ ಕೊಟ್ರೆ ಆಗತ್ತಾ?

ಮೇಷ್ಟ್ರು_ರಿಟೈರ್ಡ್

ಮೊದಲನೇದಕ್ಕೆ ನಾನು ಹೇಳ್ತೀನಿ. ಅದು ಡಾಪ್ಲರ್ ಪರಿಣಾಮ, 1842ರಲ್ಲಿ ಡಾಪ್ಲರ್ ಲೆಕ್ಕ ಬರೆದ್ರು, 1845ರಲ್ಲಿ ಬೈಸ್ ಬ್ಯಾಲಟ್ ಅನ್ನೋ ಡಚ್ ವಿಜ್ಞಾನಿ ಕಹಳೆ ಊದೋರನ್ನ ರೈಲಲ್ಲಿ ಕೂರಿಸಿ, ಸ್ವರ ಗುರುತಿಸೋ ಸಂಗೀತಗಾರರನ್ನ ಹಳಿ ಪಕ್ಕ ನಿಲ್ಲಿಸಿ ಪರೀಕ್ಷೆ ಮಾಡಿದ್ರು. ಗಂಟೆಗೆ 100 ಕಿಲೋಮೀಟರ್ ವೇಗದ ರೈಲು ಹಾರ್ನ್ ಹಾಕ್ಕೊಂಡು ನಿಮ್ಮನ್ನ ದಾಟಿದ್ರೆ ಸ್ವರ ಮೂರು ಸ್ವರಸ್ಥಾನಕ್ಕೆ (ಹಾರ್ಮೋನಿಯಂ ಮೇಲೆ ಕಪ್ಪು ಬಿಳಿ ಸೇರಿ ಮೂರು ಮನೆ) ಸ್ವಲ್ಪ ಕಮ್ಮಿ ಇಳಿಯತ್ತೆ, ಸಂಗೀತ ಗೊತ್ತಿರೋರಿಗೆ ಹೇಳೋದಾದ್ರೆ ಸಾಧಾರಣ ಗಾಂಧಾರದ ಹತ್ರದಿಂದ ಷಡ್ಜಕ್ಕೆ.

ಆದ್ರೆ ಈ ಇಳಿತಕ್ಕೆ ಕಾರಣ ರೈಲು ನಿಮ್ಮ ಕಡೆ ಬರ್ತಿದ್ದುದು ನಿಮ್ಮಿಂದ ದೂರ ಹೋಗಕ್ಕೆ ಶುರು ಮಾಡೋದು. ಹಳಿ ಪಕ್ಕ ನಿಂತ್ರೆ ಅದು ಒಂದೆರಡು ಸೆಕೆಂಡಲ್ಲಿ ಆಗ್ಬಿಡತ್ತೆ. 3 ಕಿಲೋಮೀಟರ್ ಆಚೆ ಇಂದ ನೋಡಿದ್ರೆ ರೈಲು ಅಡ್ಡಕ್ಕೆ ನಿಧಾನ ಸರಿದಂಗೆ, ಬರೋದರಿಂದ ಹೋಗೋದಕ್ಕೆ ನಿಮಿಷಗಟ್ಟಲೆ ಬೇಕು, ಅಷ್ಟರಲ್ಲಿ ಹಾರ್ನ್ ಯಾವಾಗ್ಲೋ ನಿಂತಿರತ್ತೆ. ಇನ್ನೊಂದು ತಮಾಷೆ, ಆ ಸದ್ದು ನಿಮ್ಮ ಮನೆಗೆ ಬರಕ್ಕೆ ಸುಮಾರು 9 ಸೆಕೆಂಡ್ ತಗೊಳತ್ತೆ. ನಿಮಗೆ ಹಾರ್ನ್ ಕೇಳೋ ಹೊತ್ತಿಗೆ ಎಂಜಿನ್ ಆಗ್ಲೇ ಕಾಲು ಕಿಲೋಮೀಟರ್ ಮುಂದೆ ಹೋಗಿರತ್ತೆ. ಟೆರೇಸ್ ಮೇಲಿಂದ ಹೆಡ್‌ಲೈಟ್ ಕಂಡ್ರೆ ಮಗುಗೂ ತೋರಿಸಿ.

ಮಿಕ್ಸರ್_ಬೋರ್ಡ್

ಮೊಟ್ಟೆ ಟ್ರೇ ದಯವಿಟ್ಟು ಬೇಡ. ಅದು ರೂಮಿನ ಒಳಗಿನ ಮಾರ್ದನಿನ ಚೂರು ಪಾರು ಕಮ್ಮಿ ಮಾಡ್ಬೋದು, ಹೊರಗಿನ ಸದ್ದು ತಡೆಯಕ್ಕೆ ಅದರಲ್ಲಿ ತೂಕ ಎಲ್ಲಿದೆ? ಸದ್ದು ತಡೆಯಕ್ಕೆ ಬೇಕಾಗಿರೋದು ಎರಡೇ, ಭಾರ ಮತ್ತೆ ಸಂದಿ ಇಲ್ದೇ ಇರೋದು. ಧೂಳು ಹಿಡಿಯತ್ತೆ, ಹಲ್ಲಿ ಮೊಟ್ಟೆ ಇಡತ್ತೆ, ಇನ್ನೇನಿಲ್ಲ.

ಬಾಡಿಗೆ ಮನೆ ಅಂದ್ರೆ ಮೊದ್ಲು ಸಂದಿ ನೋಡಿ. ರಾತ್ರಿ ರೂಮ್ ಲೈಟ್ ಆಫ್ ಮಾಡಿ, ಹೊರಗಡೆ ಯಾರನ್ನಾದ್ರೂ ಮೊಬೈಲ್ ಟಾರ್ಚ್ ಹಿಡ್ಕೊಂಡು ಕಿಟಕಿ ಸುತ್ತ ಆಡ್ಸಕ್ಕೆ ಹೇಳಿ, ಬೆಳಕು ಎಲ್ಲೆಲ್ಲಿ ಒಳಗೆ ಬರತ್ತೋ ಸದ್ದೂ ಅಲ್ಲಲ್ಲೇ ಬರತ್ತೆ. ಈಗಿನ ಲೇಔಟ್ ಮನೆಗಳಲ್ಲಿ ಎಲ್ಲಾ ಸ್ಲೈಡಿಂಗ್ ಕಿಟಕಿ, ಎರಡು ಬಾಗಿಲು ಒಂದರ ಮೇಲೊಂದು ಬರೋ ಕಡೆ ಬೆರಳು ಹೋಗೋಷ್ಟು ಸಂದಿ, ಕೆಳಗೆ ನೀರು ಹೋಗಕ್ಕೆ ಬಿಟ್ಟಿರೋ ತೂತು. ಹಾರ್ಡ್‌ವೇರ್ ಅಂಗಡೀಲಿ ಅಂಟಿಸೋ ರಬ್ಬರ್ ಪಟ್ಟಿ, ಬ್ರಷ್ ಥರ ನೂಲಿರೋ ಪಟ್ಟಿ ಎರಡೂ ಸಿಗತ್ತೆ, ಕಿತ್ತರೆ ಗುರುತೂ ಉಳಿಯಲ್ಲ, ಓನರ್ ಕಿರಿಕಿರಿ ಇಲ್ಲ. ಮೇಲೆ ವೆಂಟಿಲೇಟರ್ ಇದ್ಯಾ ನೋಡಿ, ಎಷ್ಟೋ ಜನ ಕಿಟಕಿಗೆ ಸಾವಿರಾರು ಸುರಿದು ಅದನ್ನ ಮರ್ತೇಬಿಡ್ತಾರೆ. ಸ್ವಂತ ಮನೆ ಆಗಿದ್ರೆ ಬಾಗಿಲ ಥರ ತೆರೆಯೋ ಕಿಟಕಿ, ದಪ್ಪ ಲ್ಯಾಮಿನೇಟೆಡ್ ಗ್ಲಾಸು ಅಂತ ಹೇಳ್ತಿದ್ದೆ.

ಮೊದ್ಲೇ ಹೇಳಿಬಿಡ್ತೀನಿ, ಇದ್ರಿಂದ ಹಾರ್ನ್ ಕಮ್ಮಿ ಆಗತ್ತೆ, ಟಣ್ ಟಣ್ ಹೋಗತ್ತೆ, ಗೂಡ್ಸ್ ಗಡಗಡ ಪೂರ್ತಿ ಹೋಗಲ್ಲ. ತಗ್ಗು ಸ್ವರ ತಡೆಯೋದು ಬಲು ಕಷ್ಟ, ಗಾಳೀಲೂ ಅದು ಕಮ್ಮಿ ಸವೆಯತ್ತೆ. ಗುಡುಗು ಹತ್ರ ಹೊಡೆದ್ರೆ ಛಟಾರ್, ದೂರ ಹೊಡೆದ್ರೆ ಬರೀ ಗುಡುಗುಡು, ಅದೇ ಕಾರಣಕ್ಕೆ. ಮಗುಗೆ ಫ್ಯಾನ್ ಸಣ್ಣಗೆ ಹಾಕಿಡಿ, ಗೋಡೆ ಕಡೆ ತಿರುಗಿಸಿ. ಆ ಒಂದೇ ಸಮನಾದ ಸದ್ದು ಇದ್ದಾಗ ಹಠಾತ್ತಾಗಿ ಬರೋ ಸದ್ದು ಎದ್ದು ಕೇಳಲ್ಲ. ನಿದ್ದೆಗೇಡಿ ಮೊದ್ಲು ಹೇಳಿದ್ದನ್ನೇ ಉಪಯೋಗಕ್ಕೆ ತಗೊಂಡಂಗೆ.

ಕಾಡಂಚು_ಗುಂಡ್ಲುಪೇಟೆ

ಕಂಪ್ಲೇಂಟ್ ವಿಷಯ: 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ 45 ಡೆಸಿಬಲ್ ಅಂತ ಮಿತಿ ಇದೆ. ಮೈಕ್‌ಸೆಟ್ಟು ಡಿಜೆಗೆ ಅದನ್ನ ಹಿಡ್ಕೊಂಡು ಸ್ಟೇಷನ್ನಿಗೆ ಹೋಗ್ಬೋದು. ಆದ್ರೆ ರೈಲಿನ ಹಾರ್ನ್ ಲೋಕೋ ಪೈಲಟ್ ಖುಷಿಗೆ ಹೊಡೆಯೋದಲ್ಲ, ಹಳಿ ಪಕ್ಕ ಹಳದಿ ಬೋರ್ಡ್ ಮೇಲೆ ಕಪ್ಪಕ್ಷರದಲ್ಲಿ ಡಬ್ಲ್ಯೂ ಎಲ್ ಅಂತ ಇರತ್ತಲ್ಲ, ಮುಂದೆ ಗೇಟ್ ಇದೆ ಹಾರ್ನ್ ಹಾಕು ಅಂತ. ಹಾಕ್ದೇ ಹೋಗಿ ಗೇಟಲ್ಲಿ ಯಾರಾದ್ರೂ ಸಿಕ್ಕಾಕೊಂಡ್ರೆ? ನಿಮ್ಮ ಕಡೆ ಗೇಟ್ ತೆಗೆದು ಅಂಡರ್‌ಪಾಸ್ ಮಾಡಿ ಅಂತ ಊರಿನೋರೆಲ್ಲ ಸೇರಿ ಅರ್ಜಿ ಕೊಡಿ, ಹಾರ್ನ್ ತಾನಾಗೇ ಕಮ್ಮಿ ಆಗತ್ತೆ. ಮಳೆಗಾಲದಲ್ಲಿ ಅಂಡರ್‌ಪಾಸಲ್ಲಿ ನೀರು ನಿಂತ್ರೆ ನನ್ನ ಬಯ್ಯಬೇಡಿ.

ನಿದ್ದೆಗೇಡಿ_ಬೆಂಗ್ಳೂರು

ಎಲ್ಲಾ ಓದ್ದೆ. ಈಗ ನಂದೊಂದು ಬಗೆಹರಿಸಿ. ನಮ್ಮ ಮೇಲಿನ ಮನೆ ಆಂಟಿ ಬೆಳಗ್ಗೆ ಐದೂವರೆಗೆ ಮಿಕ್ಸಿ ಹಾಕ್ತಾರೆ, ನಾನು ಮಲಗೋ ರೂಮಿಗೂ ಅವರ ಅಡಿಗೆಮನೆಗೂ ಮಧ್ಯ ಎರಡು ಗೋಡೆ ಒಂದು ಸ್ಲ್ಯಾಬು, ಕಿಟಕಿ ಎಲ್ಲಾ ಹಾಕಿದ್ರೂ ನನ್ನ ತಲೆ ಒಳಗೇ ಚಟ್ನಿ ರುಬ್ಬಿದಂಗೆ. ಅದಕ್ಕೂ ಇನ್ವರ್ಷನ್ನೇ ಕಾರಣನಾ ಮೇಷ್ಟ್ರೇ?

ಮಿಕ್ಸರ್_ಬೋರ್ಡ್

ಮೇಷ್ಟ್ರ ಬದಲು ನಾನೇ ಹೇಳ್ತೀನಿ. ಅದು ಗಾಳೀಲಿ ಬರ್ತಾನೇ ಇಲ್ಲ. ಮಿಕ್ಸಿ ಅದುರಿದ್ದು ಗ್ರಾನೈಟ್ ಕಟ್ಟೆಗೆ, ಕಟ್ಟೆಯಿಂದ ಗೋಡೆಗೆ, ಗೋಡೆಯಿಂದ ಸ್ಲ್ಯಾಬಿಗೆ ಹೋಗಿ, ನಿಮ್ಮ ರೂಮಿನ ಸೀಲಿಂಗೇ ಸ್ಪೀಕರ್ ಥರ ಅದುರಿ ಸದ್ದು ಮಾಡ್ತಿದೆ. ಕಾಂಕ್ರೀಟು ಕಬ್ಬಿಣದಲ್ಲಿ ಶಬ್ದ ಗಾಳಿಗಿಂತ ಹತ್ತು ಪಟ್ಟಿಗೂ ಹೆಚ್ಚು ವೇಗವಾಗಿ ಹೋಗತ್ತೆ, ಅಷ್ಟು ದೂರದಲ್ಲಿ ಸವೆಯೋದೂ ಕಮ್ಮಿ. ಕಿಟಕಿ ಮುಚ್ಚಿದ್ರೆ ಏನೂ ಆಗಲ್ಲ, ನಿಮ್ಮ ಕಡೆಯಿಂದ ಮಾಡೋ ಉಪಾಯ ಯಾವ್ದೂ ಇಲ್ಲ, ಅದುರೋ ಜಾಗದಲ್ಲೇ ತಡೀಬೇಕು. ಮಿಕ್ಸಿ ಕೆಳಗೆ ದಪ್ಪ ರಬ್ಬರ್ ಮ್ಯಾಟು, ಇಲ್ಲಾ ನಾಲ್ಕು ಮಡಿಕೆ ಹಳೇ ಟವೆಲ್, ಮಿಕ್ಸಿ ಗೋಡೆಗೆ ತಾಗಿರಬಾರ್ದು. ಅರ್ಧಕ್ಕರ್ಧ ಇಳಿಯತ್ತೆ.

ನಿದ್ದೆಗೇಡಿ_ಬೆಂಗ್ಳೂರು

ಮ್ಯಾಟ್ ನಾನೇ ತಂದ್ಕೊಟ್ರೆ ಆಂಟಿ ಬೇಜಾರ್ ಮಾಡ್ಕೊಳಲ್ವಾ?

ಚೆಂಡೆಪೆಟ್ಟು

ಸಂಕ್ರಾಂತಿ ಹತ್ರ ಬಂತಲ್ಲ ಮಾರಾಯ್ರೆ. ಎಳ್ಳುಬೆಲ್ಲದ ಜೊತೆ ಕೊಟ್ಟುಬಿಡಿ, ‘ಆಂಟಿ, ಗ್ರಾನೈಟಿನ ಮೇಲೆ ಮಿಕ್ಸಿ ಜಾರ್ತದೆ, ನಮ್ಮಲ್ಲಿ ಎರಡು ಇತ್ತು’ ಅಂತ ಹೇಳಿ.